ಕಾಲಾವಸ್ಥೆ

ತಿರುವನಂತಪುರದಿಂದ ಬಂದ ನಮೂನೆಯಲ್ಲಿ
ಕನ್ನಡ ಅಕ್ಷರ ಇತ್ತು, ಕನ್ನಡ ಇರಲಿಲ್ಲ.
‘ಕಾಲಾವಸ್ಥಾ ವ್ಯತಿಯಾನದಲ್ಲಿ ತಮಗೆ ವಿಶ್ವಾಸ ಉಂಟೋ?’
ಕೆಳಗೆ ಐದು ಚೌಕ:
ಬಲವಾಗಿ ಉಂಟು, ಉಂಟು, ಗೊತ್ತಿಲ್ಲ, ಇಲ್ಲ, ಬಲವಾಗಿ ಇಲ್ಲ.
ಮನೆಯೊಂದಕ್ಕೆ ಹದಿನೆಂಟು ರೂಪಾಯಿ ನನಗೆ,
ಪೆನ್ನು ಪಂಚಾಯತಿನದ್ದು.

ಮೂಸೋಡಿಯಲ್ಲಿ ಮೊದಲ ಮನೆ ಆಚುಮ್ಮನದು.
ಒಣಮೀನು ಮಗುಚುತ್ತಲೇ ಕೇಳಿಸಿಕೊಂಡರು.
‘ಕಾಲದ ಅವಸ್ಥೆಯಾ? ಅದನ್ನು ಕೇಳಲಿಕ್ಕೆ
ಈ ಬಿಸಿಲಲ್ಲಿ ಬಂದೆಯಾ ಮಗಳೇ?
ಕೂತುಕೋ, ನೀರು ಕುಡಿ.’
ನೀರು ಉಪ್ಪುಪ್ಪು.
ಅವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

‘ಉಂಟು ಅಂದರೆ ಎಂಥ ಆಗ್ತದೆ?’
‘ಗೊತ್ತಿಲ್ಲ ಉಮ್ಮಾ, ಬರೆದುಕೊಳ್ತಾರೆ.’
‘ಖಾದರು ಉಂಟು ಅಂದ. ಬರೆದುಕೊಂಡರು.
ಈಗ ಗುಡ್ಡೆಯ ಮೇಲೆ ಮೂರನೇ ಮಾಳಿಗೆ ಕೊಟ್ಟಿದ್ದಾರೆ,
ಬಲೆ ಒಣಗಲು ಹಾಕಿದರೆ ಕೆಳಗಿನವರು
ನಾತ ಅಂತ ಪೊಲೀಸಿಗೆ ಫೋನು ಮಾಡ್ತಾರೆ.
ನನ್ನದು ಇಲ್ಲ ಅಂತ ಬರೆ.
ಬಲವಾಗಿ ಬರೆ.’
ಬೆನ್ನ ಹಿಂದೆ ಅವರ ಬಚ್ಚಲಿಗೆ ಮೂರೇ ಗೋಡೆ.
ನಾಲ್ಕನೆಯದರ ಜಾಗದಲ್ಲಿ ಗೋಣಿ,
ಗೋಣಿಯ ಆಚೆ ಸದ್ದು.

ಲೋಕಯ್ಯ ಮೆಂಡನ್ ತುಂಬ ಹೊತ್ತು ಯೋಚಿಸಿದರು.
‘ಇದರಲ್ಲಿ ನಮ್ಮ ಪಾರ್ಟಿಯದ್ದು ಎಂಥ?’
ವಾರ್ಡು ಕಾರ್ಯದರ್ಶಿಗೆ ಫೋನು ಹೋಯಿತು.
ಸ್ಪೀಕರಿನಲ್ಲೇ ಬಂತು ಉತ್ತರ:
‘ತಡೆಗೋಡೆಯ ಕಲ್ಲು ಬರುವವರೆಗೆ ಉಂಟು ಅನ್ನು.
ಬಂದ ಮೇಲೆ ನೋಡುವ.’
ಪಕ್ಕದ ಮನೆಯವನು ಕಿಟಕಿಯಲ್ಲಿ ಕೇಳಿಸಿಕೊಂಡ.
‘ಅವರದ್ದು ಉಂಟಾ? ಹಾಗಾದರೆ ನಮ್ಮದು ಇಲ್ಲ.’
ಇಬ್ಬರ ಬಾವುಟವೂ ಒಂದೇ ವಿದ್ಯುತ್ ಕಂಬಕ್ಕೆ ಕಟ್ಟಿದ್ದು,
ಮೂರನೆಯವರದ್ದೂ ಅದಕ್ಕೇ.
ಆ ಕಂಬ ಈ ಸಲದ ಮಳೆಗಾಲದಿಂದ
ಪೂರ್ವಕ್ಕೆ ವಾಲಿದೆ, ಏನೋ ಕೇಳಿಸದವರ ಹಾಗೆ.

ಹೆದ್ದಾರಿಯ ಮೇಲ್ಬದಿ ಕಾಲನಿಯಲ್ಲಿ
ಬ್ಯಾಂಕಿನಿಂದ ನಿವೃತ್ತರಾದ ವಾಮನ ಕಿಣಿಯವರು
‘ಬಾಗಿಲು ಹಾಕಿಕೊಂಡು ಬಾರಮ್ಮ, ತಂಪು ಹೋಗ್ತದೆ’ ಅಂದರು.
ನನ್ನ ಕೈಯಿಂದ ಪೆನ್ನು ತೆಗೆದು
‘ಬಲವಾಗಿ ಉಂಟು’ಗೆ ತಾವೇ ಗುರುತು ಹಾಕಿದರು.
ಕಾಗದ ತೂತಾಯಿತು.

ಬ್ಲಾಕ್ ಆಫೀಸಿನ ಕಂಪ್ಯೂಟರು ನಕ್ಷೆ ಬಿಡಿಸಿತು:
ಗುಡ್ಡೆ ಕಡುಹಸಿರು, ಕಡಲ ಬದಿ ಬಿಳಿಚು.
ಅಡಿಯಲ್ಲಿ ಒಂದೇ ಸಾಲು,
‘ತೀರದ ಜನರಲ್ಲಿ ಅರಿವು ಕಡಿಮೆ.’
ಅರಿವಿಗಾಗಿ ಫ್ಲೆಕ್ಸ್ ಬಂತು, ಬಾಡಿಗೆಯ ಕುರ್ಚಿ ಬಂತು,
ಕಾಸರಗೋಡಿನಿಂದ ಒಬ್ಬರು ಮೇಷ್ಟ್ರು ಬಂದು
ಸಮುದ್ರ ಎಂದರೇನು ಎಂಬಲ್ಲಿಂದ ಶುರುಮಾಡಿದರು.
ಮುಂದಿನ ಸಾಲಿನಲ್ಲಿ ಆಚುಮ್ಮ ತಲೆದೂಗಿದರು,
ಹೋಗುವಾಗ ಬಾಟಲಿ ನೀರು ಎರಡು
ಸೆರಗಿನಡಿ ಇಟ್ಟುಕೊಂಡರು.

ನಾನೂ ಇದೇ ವಾರ್ಡಿನವಳು.
ನನ್ನ ನಮೂನೆ ಬ್ಯಾಗಿನಲ್ಲೇ ಉಂಟು,
ಹೆಸರಷ್ಟೇ ತುಂಬಿಸಿದ್ದೇನೆ.

ನಿನ್ನೆ ಇಂಜಿನಿಯರು ಟೇಪು ತಂದರು.
ಐವತ್ತು ಮೀಟರಿನ ಒಳಗೆ ಯಾರು, ಹೊರಗೆ ಯಾರು,
ಬಿಡುವವರು ಯಾರು, ಇರುವವರು ಯಾರು.
ಸೊನ್ನೆಯ ತುದಿಯನ್ನು ಸಫ್ವಾನನ ಕೈಗೆ ಕೊಟ್ಟು
‘ನೀರು ಮುಗಿಯುವಲ್ಲಿ ನಿಲ್ಲು’ ಅಂದರು.
ಐದನೇ ಕ್ಲಾಸಿನ ಹುಡುಗ, ಹೇಳಿದ್ದು ಕೇಳುತ್ತಾನೆ.
ತೆರೆ ಬಂದಾಗ ಹಿಂದೆ ಬಂದ,
ತೆರೆ ಹೋದಾಗ ಮುಂದೆ ಹೋದ.
ಟೇಪು ಜೋಲಾಯಿತು, ಬಿಗಿಯಾಯಿತು, ಜೋಲಾಯಿತು.
ಆಚುಮ್ಮನದು ಹೇಗೂ ಒಳಗೆ.
ಲೋಕಯ್ಯರದು ಒಳಗೆ, ಹೊರಗೆ, ಒಳಗೆ.
ನನ್ನ ಮನೆಯ ಮೆಟ್ಟಿಲು ಐವತ್ತೊಂದು.
ನಲ್ವತ್ತೊಂಬತ್ತು.
‘ಸರಿಯಾಗಿ ಹಿಡಿದಿದ್ದೀಯೇನೋ?’
‘ಹಿಡಿದಿದ್ದೇನೆ ಸಾರ್,’
ಮೊಣಕಾಲಿನವರೆಗೆ ಒದ್ದೆಯಾದ ಹುಡುಗ ಕೂಗಿದ,
‘ನೀವು ಬೇಗ ಬರೆದುಕೊಳ್ಳಿ!’